ಮಕ್ಕಳ ವೈದ್ಯರಿಗೆ ಮಾನಸಿಕ ಆರೋಗ್ಯ ತರಬೇತಿ

ಮಕ್ಕಳ ವೈದ್ಯರಿಗೆ ಮಾನಸಿಕ ಆರೋಗ್ಯ ತರಬೇತಿ ಎಂದರೆ ಶಿಶುವೈದ್ಯರು ಹಾಗೂ ಮಕ್ಕಳಿಗೆ ಚಿಕಿತ್ಸೆ ನೀಡುವ ಇತರ ವೈದ್ಯರು ಮಗುವಿನ ಮನಸ್ಸು, ನಡವಳಿಕೆ, ಕಲಿಕೆ ಮತ್ತು ಬೆಳವಣಿಗೆಯ ತೊಂದರೆಗಳನ್ನು ಗುರುತಿಸಿ, ಆರಂಭಿಕ ಚಿಕಿತ್ಸೆ ನೀಡಿ, ಅಗತ್ಯವಾದಾಗ ತಜ್ಞರ ಬಳಿಗೆ ಕಳುಹಿಸಲು ಬೇಕಾಗುವ ಶಿಕ್ಷಣ. ಈ ಶಿಕ್ಷಣವನ್ನು ವೈದ್ಯರ ಇಚ್ಛೆಗೆ ಬಿಡಬೇಕೇ, ಪದವಿ ಅಥವಾ ನೋಂದಣಿಯ ಷರತ್ತಾಗಿ ಕಡ್ಡಾಯಗೊಳಿಸಬೇಕೇ ಎಂಬುದು ಹಲವು ದೇಶಗಳಲ್ಲಿ ಚರ್ಚೆಯಲ್ಲಿರುವ ವಿಷಯ. ಭಾರತದಲ್ಲಿ ಮಕ್ಕಳ ಮನೋವೈದ್ಯರು ಅತಿ ವಿರಳ. ಇರುವವರಲ್ಲಿ ಬಹುಪಾಲು ದೊಡ್ಡ ನಗರಗಳಲ್ಲಿದ್ದಾರೆ. ಆದ್ದರಿಂದ ಯಾದಗಿರಿಯಂತಹ ಜಿಲ್ಲೆಯಲ್ಲಿ ಮಗುವಿನ ಮನಸ್ಸಿನ ತೊಂದರೆಯನ್ನು ಮೊದಲು ಕಾಣುವವನು, ಅನೇಕ ವೇಳೆ ಕೊನೆಗೂ ಕಾಣುವವನು, ಜ್ವರ ಕೆಮ್ಮಿಗೆ ಔಷಧಿ ಬರೆಯುವ ವೈದ್ಯನೇ ಆಗಿರುತ್ತಾನೆ.

ಹಿನ್ನೆಲೆ

ಮಾನಸಿಕ ಕಾಯಿಲೆ ದೊಡ್ಡವರಿಗೆ ಬರುವಂಥದು, ಮಕ್ಕಳಿಗೇನಿದ್ದರೂ ಹಠ ಅಥವಾ ಅಂಜಿಕೆ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಾನಸಿಕ ಅಸ್ವಸ್ಥತೆಗಳಲ್ಲಿ ಸುಮಾರು ಅರ್ಧದಷ್ಟು 14ನೆಯ ವಯಸ್ಸಿನೊಳಗೇ ಆರಂಭವಾಗುತ್ತವೆ. ಹೆಚ್ಚಿನವು ಆ ವಯಸ್ಸಿನಲ್ಲಿ ಗುರುತಿಗೆ ಬರುವುದಿಲ್ಲ.

ಕರ್ನಾಟಕದ ಮಟ್ಟಿಗೆ ಈ ವಿಷಯದಲ್ಲಿ ಮುಖ್ಯವಾದ ಅಧ್ಯಯನವೊಂದು ಬೆಂಗಳೂರಿನಲ್ಲಿ ನಡೆಯಿತು. ನಿಮ್ಹಾನ್ಸ್ ಸಂಸ್ಥೆಯ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ನಗರದ ಮಧ್ಯಮ ವರ್ಗ, ಕೊಳೆಗೇರಿ ಮತ್ತು ಗ್ರಾಮೀಣ ಪ್ರದೇಶಗಳ 16 ವರ್ಷದವರೆಗಿನ 2,064 ಮಕ್ಕಳನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಶೇ. 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ಅಥವಾ ನಡವಳಿಕೆಯ ತೊಂದರೆ ಕಂಡುಬಂದಿತು. ಮೂರು ಪ್ರದೇಶಗಳ ನಡುವೆ ಗಣನೀಯ ಅಂತರವಿರಲಿಲ್ಲ. ಮಗುವಿಗೆ ಏನೋ ತೊಂದರೆಯಿದೆ ಎಂದು ಭಾವಿಸಿದ್ದ ಕುಟುಂಬಗಳು ಮಾತ್ರ ಶೇ. 37.5. ಈ ಎರಡನೆಯ ಅಂಕಿಯೇ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು. ತೊಂದರೆಯೆಂದೇ ತೋರದಿದ್ದ ಮೇಲೆ ತಂದೆತಾಯಿಗಳು ಮನೋವೈದ್ಯರನ್ನು ಹುಡುಕಿಕೊಂಡು ಹೋಗುವ ಪ್ರಶ್ನೆಯೇ ಇಲ್ಲ. ಬೇರೊಂದು ಕಾರಣಕ್ಕಾಗಿ ಮಗುವನ್ನು ನೋಡುತ್ತಿರುವ ವೈದ್ಯನ ಕಣ್ಣಿಗೆ ಅದು ಬೀಳಬೇಕು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಈ ಪ್ರಮಾಣವನ್ನು ಶೇ. 7.3 ಎಂದು ಅಂದಾಜಿಸಿತು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಅದರ ಪ್ರಾಯೋಗಿಕ ಹಂತ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು.

ಮಕ್ಕಳ ವೈದ್ಯರೇ ಏಕೆ

ಬೆಂಗಳೂರಿನ ಅಧ್ಯಯನದಲ್ಲಿ ಹೆಚ್ಚಾಗಿ ಕಂಡುಬಂದ ತೊಂದರೆಗಳ ಪಟ್ಟಿಯನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಅಳುತ್ತಳುತ್ತ ಉಸಿರು ಕಟ್ಟುವುದು, ಮಣ್ಣು ಮೊದಲಾದ ತಿನ್ನಬಾರದ್ದನ್ನು ತಿನ್ನುವುದು, ಮಾತು ತಡವಾಗುವುದು, ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು ಪ್ರಮುಖವಾಗಿದ್ದವು. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಹಾಸಿಗೆ ಒದ್ದೆ ಮಾಡುವುದು, ನಿರ್ದಿಷ್ಟ ವಸ್ತು ಅಥವಾ ಸಂದರ್ಭದ ಭಯ, ಅತಿಚಟುವಟಿಕೆ, ತೊದಲು, ವಿಪರೀತ ಹಠಮಾರಿತನ ಮುಂದಿದ್ದವು. ಇವುಗಳಲ್ಲಿ ಯಾವುದನ್ನೂ ಯಾದಗಿರಿಯ ತಾಯಿಯೊಬ್ಬಳು ಮಾನಸಿಕ ಕಾಯಿಲೆಯೆಂದು ಕರೆಯಲಾರಳು. ಆದರೆ ಪ್ರತಿಯೊಂದಕ್ಕೂ ಮಗುವನ್ನು ಎತ್ತಿಕೊಂಡು ದವಾಖಾನೆಗೆ ಬರುತ್ತಾಳೆ.

ಉಸಿರು ಕಟ್ಟುವುದನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಆಟಿಕೆ ಕಸಿದುಕೊಂಡರೆ ಅಥವಾ ಬಿದ್ದು ಪೆಟ್ಟಾದರೆ ಮಗು ಜೋರಾಗಿ ಅಳತೊಡಗಿ, ಉಸಿರು ಹಿಡಿದು, ನೀಲಿಗಟ್ಟಿ, ಕೆಲವು ಕ್ಷಣ ಪ್ರಜ್ಞೆ ತಪ್ಪುತ್ತದೆ. ಮನೆಯವರು ಇದನ್ನು ಫಿಟ್ಸ್ ಎಂದೋ, ಗಾಳಿ ಸೋಕಿದೆಯೆಂದೋ ಭಾವಿಸುತ್ತಾರೆ. ತರಬೇತಿಯಿಲ್ಲದ ವೈದ್ಯನು ಅಪಸ್ಮಾರದ ಔಷಧಿಯನ್ನೇ ಆರಂಭಿಸಿಬಿಡುವ ಸಂಭವವುಂಟು. ತರಬೇತಿ ಪಡೆದವನು ಮೊದಲು ಕೇಳುವುದು ಅಳು ಮೊದಲೋ, ಸೆಳೆತ ಮೊದಲೋ ಎಂದು. ಅಳುವೇ ಮೊದಲಾದರೆ ರಕ್ತಹೀನತೆ ಇದೆಯೇ ಎಂದು ಪರೀಕ್ಷಿಸುತ್ತಾನೆ, ಏಕೆಂದರೆ ಕಬ್ಬಿಣಾಂಶದ ಕೊರತೆಗೂ ಈ ತೊಂದರೆಗೂ ಸಂಬಂಧವಿದೆ. ಕಬ್ಬಿಣಾಂಶದ ಔಷಧಿಯಿಂದ ಅನೇಕ ಮಕ್ಕಳಲ್ಲಿ ಇದು ಕಡಿಮೆಯಾಗುತ್ತದೆ. ಮಗು ಬೆಳೆದಂತೆ ಇದು ತಾನಾಗಿ ನಿಲ್ಲುತ್ತದೆಂಬ ಧೈರ್ಯವನ್ನೂ, ಇದಕ್ಕೆ ಹೆದರಿ ಮಗು ಕೇಳಿದ್ದನ್ನೆಲ್ಲ ಕೊಡಬಾರದೆಂಬ ತಿಳುವಳಿಕೆಯನ್ನೂ ತಾಯಿಗೆ ಹೇಳುತ್ತಾನೆ. ಮಣ್ಣು ತಿನ್ನುವುದರ ಹಿಂದೆಯೂ ಹೀಗೆಯೇ ರಕ್ತಹೀನತೆ ಇರಬಹುದು. ಅದರಿಂದ ಹೊಟ್ಟೆಯಲ್ಲಿ ಜಂತುಹುಳು ಸೇರಬಹುದು. ಕೆಲವೊಮ್ಮೆ ಬೆಳವಣಿಗೆಯ ವಿಳಂಬವೋ ಮನೆಯಲ್ಲಿನ ಅಲಕ್ಷ್ಯವೋ ಕಾರಣವಾಗಿರುತ್ತದೆ. ದೇಹವನ್ನು ಒಬ್ಬರು, ಮನಸ್ಸನ್ನು ಇನ್ನೊಬ್ಬರು ನೋಡಿಕೊಳ್ಳಲಿ ಎಂಬ ವಿಭಜನೆ ಮಕ್ಕಳ ವಿಷಯದಲ್ಲಿ ನಡೆಯುವುದಿಲ್ಲ. ಮಾತು ಬಾರದ ಮಗುವಿಗೆ ಮೊದಲು ಕಿವಿ ಕೇಳಿಸುತ್ತದೆಯೇ ಎಂದು ನೋಡಬೇಕು. ಕಲಿಕೆಯಲ್ಲಿ ಹಿಂದುಳಿದ ಮಗುವಿನ ಕಣ್ಣು ಮತ್ತು ಥೈರಾಯ್ಡ್ ಪರೀಕ್ಷೆಯಾಗಬೇಕು. ಇದೆಲ್ಲವನ್ನೂ ಬಲ್ಲವನು ಮಕ್ಕಳ ವೈದ್ಯ. ಅವನಿಗೆ ಸಾಮಾನ್ಯವಾಗಿ ಇಲ್ಲದಿರುವುದು ಇದರ ಇನ್ನರ್ಧದ ತಿಳುವಳಿಕೆ.

ಮತ್ತೊಂದು ಅನುಕೂಲವೆಂದರೆ ಮಗು ಮತ್ತೆ ಮತ್ತೆ ಆರೋಗ್ಯ ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯ ಪ್ರಕಾರ ಹುಟ್ಟಿದಾಗ, 6, 10 ಮತ್ತು 14ನೆಯ ವಾರಗಳಲ್ಲಿ, 9 ತಿಂಗಳು ತುಂಬಿದ ಮೇಲೆ, 16ರಿಂದ 24 ತಿಂಗಳೊಳಗೆ, ನಂತರ 5, 10 ಮತ್ತು 16ನೆಯ ವರ್ಷಗಳಲ್ಲಿ ಮಗುವಿಗೆ ಚುಚ್ಚುಮದ್ದು ನೀಡಲಾಗುತ್ತದೆ. ಸ್ವಲೀನತೆಯ ಚಿಹ್ನೆಗಳು ಸ್ಪಷ್ಟವಾಗಿ ಗುರುತಿಸಲು ಸಿಗುವುದು ಸುಮಾರು 18ರಿಂದ 24 ತಿಂಗಳಲ್ಲಿ. ಅಂದರೆ ಎರಡನೆಯ ದಡಾರ ಲಸಿಕೆಗೆ ಬಂದ ಮಗುವನ್ನು ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ, ಬೇಕಾದುದನ್ನು ಬೆರಳಿಟ್ಟು ತೋರಿಸುತ್ತದೆಯೇ, ತಾಯಿಯ ಮುಖ ನೋಡಿ ನಗುತ್ತದೆಯೇ ಎಂದು ಗಮನಿಸುವುದಕ್ಕೆ ಐದು ನಿಮಿಷ ಸಾಕು. ಹಳ್ಳಿಗಳಲ್ಲಿ ಲಸಿಕೆ ಹಾಕುವವರು ಆರೋಗ್ಯ ಸಹಾಯಕಿಯರು. ಆದುದರಿಂದ ಅವರಿಗೂ ಈ ಪಾಠ ತಲುಪಬೇಕಾಗುತ್ತದೆ.

ಯಾದಗಿರಿ ಜಿಲ್ಲೆಯ ಸ್ಥಿತಿ

ಯಾದಗಿರಿಯು ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು 2009ರ ಡಿಸೆಂಬರಿನಲ್ಲಿ ರಚಿತವಾದ ಜಿಲ್ಲೆ. ಆರಂಭದಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ತಾಲ್ಲೂಕುಗಳಿದ್ದವು. ನಂತರ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ಸೇರಿದವು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 11.74 ಲಕ್ಷ. ಸಾಕ್ಷರತೆ ಶೇ. 51.83, ರಾಜ್ಯದ ಜಿಲ್ಲೆಗಳಲ್ಲಿ ಅತ್ಯಂತ ಕಡಿಮೆ. 2018ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ ಎರಡೇ.

ಮಕ್ಕಳ ಮನಸ್ಸಿಗೆ ಸಂಬಂಧಿಸಿದ ಹಾಗೆ ಈ ಪ್ರದೇಶದಲ್ಲಿ ಎದ್ದು ಕಾಣುವ ಸಂಗತಿ ಗುಳೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳಿಂದ ಶಹಾಪುರ, ಸುರಪುರ ಭಾಗದ ಹೊಲಗಳು ನೀರಾವರಿ ಕಂಡಿದ್ದರೂ ಮಳೆಯನ್ನೇ ನಂಬಿದ ಹಳ್ಳಿಗಳೂ ತಾಂಡಾಗಳೂ ಬೇಕಾದಷ್ಟಿವೆ. ಅಲ್ಲಿಯ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್‌ಗಳ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಮಕ್ಕಳು ಒಂದೋ ತಂದೆತಾಯಿಯೊಡನೆ ಶಾಲೆ ಬಿಟ್ಟು ಹೋಗುತ್ತಾರೆ, ಇಲ್ಲವೇ ಅಜ್ಜಿಯ ಬಳಿ ಉಳಿಯುತ್ತಾರೆ. ಅಜ್ಜಿಯ ಬಳಿ ಉಳಿದ ಮಗುವಿಗೆ ಮೇಲಿಂದ ಮೇಲೆ ಹೊಟ್ಟೆನೋವು ಬಂದಾಗ ಅದು ಜಂತುಹುಳುವಿನದೋ, ಅಗಲಿಕೆಯದೋ ಎಂದು ತಿಳಿಯುವುದು ಸುಲಭವಲ್ಲ. ಎರಡೂ ಇರಬಹುದು. ಪರೀಕ್ಷೆಯಲ್ಲಿ ಏನೂ ಕಾಣದಿದ್ದಾಗ 'ಏನೂ ಇಲ್ಲ' ಎಂದು ಹೇಳಿ ಕಳುಹಿಸುವುದು ವಾಡಿಕೆ. ನೋವಿರುವ ಮಗುವಿಗೆ ಆ ಮಾತು ಸುಳ್ಳುಗಾರನೆಂಬ ಪಟ್ಟದಂತೆ ಕೇಳಿಸುತ್ತದೆ.

ಶಾಲೆಯ ಸಂಗತಿಯೂ ಇದರೊಡನೆ ಸೇರಿಕೊಂಡಿದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಶೇ. 94ರೊಂದಿಗೆ ಉಡುಪಿ ಮೊದಲ ಸ್ಥಾನದಲ್ಲಿಯೂ, ಶೇ. 50.59ರೊಂದಿಗೆ ಯಾದಗಿರಿ ಕೊನೆಯ ಸ್ಥಾನದಲ್ಲಿಯೂ ಇದ್ದವು. ಈ ಅಂತರಕ್ಕೆ ಬಡತನ, ಶಿಕ್ಷಕರ ಕೊರತೆ, ಗುಳೆ ಮುಂತಾದ ಕಾರಣಗಳಿವೆ. ಅದನ್ನು ಮಕ್ಕಳ ಮನಸ್ಸಿನ ಮೇಲೆ ಹೊರಿಸುವುದು ತಪ್ಪಾದೀತು. ಆದರೆ ಅರ್ಧದಷ್ಟು ಮಕ್ಕಳು ಅನುತ್ತೀರ್ಣರಾಗುವ ಕಡೆ ಓದುವ ಬರೆಯುವ ನಿರ್ದಿಷ್ಟ ಕಲಿಕಾ ನ್ಯೂನತೆಯುಳ್ಳ ಮಗು ಗುಂಪಿನಲ್ಲಿ ಕಳೆದುಹೋಗುತ್ತದೆ. ಉಡುಪಿಯಲ್ಲಾದರೆ 'ಇವನೊಬ್ಬನಿಗೇಕೆ ಬರುತ್ತಿಲ್ಲ' ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಅದು ಏಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಸ್ವಲೀನತೆ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿವೆ. ಅದರಿಂದ ದೊರೆಯುವ ಸೌಲಭ್ಯಕ್ಕೆ ಮೊದಲು ವೈದ್ಯರ ಗುರುತಿಸುವಿಕೆ ಬೇಕು.

ರಾಜ್ಯದೊಳಗಿನ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಗಳೆಂದರೆ ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್. ಬೆಂಗಳೂರು ಸುಮಾರು 500 ಕಿ.ಮೀ. ದೂರ. ದಿನಗೂಲಿಯ ತಾಯಿತಂದೆ ಒಂದು ಭೇಟಿಗೆ ಕನಿಷ್ಠ ಮೂರು ದಿನದ ಕೂಲಿ ಬಿಡಬೇಕು. ಮಕ್ಕಳ ಮಾನಸಿಕ ಚಿಕಿತ್ಸೆ ಒಂದು ಭೇಟಿಯಲ್ಲಿ ಮುಗಿಯುವಂಥದಲ್ಲ.

2022-23ನೆಯ ಶೈಕ್ಷಣಿಕ ವರ್ಷದಿಂದ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಯಿಮ್ಸ್) 150 ಸ್ಥಾನಗಳೊಂದಿಗೆ ಪ್ರವೇಶ ಆರಂಭಿಸಿತು. ವೈದ್ಯಕೀಯ ಕಾಲೇಜೊಂದು ನಡೆಯಬೇಕಾದರೆ ಮಕ್ಕಳ ವಿಭಾಗವೂ ಮನೋವೈದ್ಯಕೀಯ ವಿಭಾಗವೂ ಇರಲೇಬೇಕೆಂಬುದು ನಿಯಮ. ಹೀಗೆ ಎರಡೂ ವಿಭಾಗಗಳು ಒಂದೇ ಸೂರಿನಡಿ ಬರುತ್ತವೆ.

ಬಳ್ಳಾರಿಯ ಪ್ರಯೋಗ

ತಜ್ಞರಲ್ಲದ ವೈದ್ಯರಿಗೆ ಮನಸ್ಸಿನ ಕಾಯಿಲೆಗಳ ಚಿಕಿತ್ಸೆ ಕಲಿಸಬಹುದೇ ಎಂಬ ಪ್ರಶ್ನೆಗೆ ಭಾರತದಲ್ಲಿ ದೊರೆತ ಪ್ರಮುಖ ಉತ್ತರ ಕಲ್ಯಾಣ ಕರ್ನಾಟಕದಿಂದಲೇ ಬಂದಿದೆ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸುವ ವಿಧಾನವನ್ನು ರೂಪಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕಾರವಾಯಿತು. ಅದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಪರೀಕ್ಷಿಸಲು ಆರಿಸಿಕೊಂಡದ್ದು ಸುಮಾರು 20 ಲಕ್ಷ ಜನಸಂಖ್ಯೆಯ ಬಳ್ಳಾರಿ ಜಿಲ್ಲೆ. 1985ರಿಂದ 1990ರವರೆಗೆ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅಲ್ಪಾವಧಿಯ ತರಬೇತಿ ನೀಡಲಾಯಿತು, ಬೆರಳೆಣಿಕೆಯ ಅವಶ್ಯ ಔಷಧಿಗಳನ್ನು ಕೇಂದ್ರಗಳಿಗೆ ಒದಗಿಸಲಾಯಿತು, ಸರಳ ದಾಖಲೆ ಪುಸ್ತಕಗಳನ್ನು ಇಡಲಾಯಿತು, ಜಿಲ್ಲಾ ಆಸ್ಪತ್ರೆಯಲ್ಲಿ ತಜ್ಞರ ತಂಡವೊಂದು ಬೆಂಬಲಕ್ಕಿತ್ತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು.

ಬಳ್ಳಾರಿ ಮಾದರಿಗೆ ಮಿತಿಯೊಂದಿತ್ತು. ಅದರ ಗಮನವಿದ್ದುದು ತೀವ್ರ ಮನೋರೋಗ, ಖಿನ್ನತೆ, ಅಪಸ್ಮಾರ ಮತ್ತು ಬುದ್ಧಿಮಾಂದ್ಯತೆಗಳ ಮೇಲೆ. ಮಕ್ಕಳು ಕೊನೆಯ ಎರಡರ ಮೂಲಕ ಮಾತ್ರ ಅದರೊಳಗೆ ಪ್ರವೇಶ ಪಡೆದರು. ಭಯ, ಆತಂಕ, ಕಲಿಕೆ, ನಡವಳಿಕೆಯ ತೊಂದರೆಗಳು ಅದರ ಪರಿಧಿಗೆ ಹೊರಗಿದ್ದವು. ಮುಂದೆ ಅದು ದೇಶದ ಕಾರ್ಯಕ್ರಮವಾದಾಗಲೂ ಈ ಒಲವು ಬಹುಮಟ್ಟಿಗೆ ಮುಂದುವರಿಯಿತು. ಕನ್ನಡದಲ್ಲಿ ಸಾಮಾನ್ಯ ಓದುಗರಿಗಾಗಿ ಮಾನಸಿಕ ಆರೋಗ್ಯದ ಬಗ್ಗೆ ಹೇರಳವಾಗಿ ಬರೆದ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರಂತಹವರ ಪುಸ್ತಕಗಳು ಮಕ್ಕಳ ವಿಷಯವನ್ನು ಪೋಷಕರಿಗೂ ಶಿಕ್ಷಕರಿಗೂ ತಲುಪಿಸಿದವು. ವೈದ್ಯರ ಪಠ್ಯಕ್ರಮ ಮಾತ್ರ ನಿಧಾನವಾಗಿ ಬದಲಾಯಿತು.

ಕಾನೂನು ಮತ್ತು ಪಠ್ಯಕ್ರಮ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 31ನೆಯ ಪ್ರಕರಣವು ಸರ್ಕಾರಿ ಆರೋಗ್ಯ ಸಂಸ್ಥೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ, ಕಾರಾಗೃಹಗಳ ವೈದ್ಯಾಧಿಕಾರಿಗಳಿಗೂ ಮೂಲಭೂತ ಮತ್ತು ತುರ್ತು ಮಾನಸಿಕ ಆರೈಕೆಯ ತರಬೇತಿಯನ್ನು ಕನಿಷ್ಠ ಪಕ್ಷ ನೀಡಲೇಬೇಕೆಂದು ಸರ್ಕಾರಗಳಿಗೆ ವಿಧಿಸುತ್ತದೆ. ಇದು 2018ರಲ್ಲಿ ಜಾರಿಗೆ ಬಂದಿತು. ಕಡ್ಡಾಯ ತರಬೇತಿಗೆ ಭಾರತದಲ್ಲಿ ಇರುವ ಸ್ಪಷ್ಟ ಕಾನೂನಿನ ಆಧಾರ ಇದೇ. ಆದರೆ ಇಲ್ಲಿ ಮಕ್ಕಳ ಪ್ರತ್ಯೇಕ ಉಲ್ಲೇಖವಿಲ್ಲ. ಖಾಸಗಿ ಮಕ್ಕಳ ವೈದ್ಯರು ಇದರ ವ್ಯಾಪ್ತಿಗೆ ಬರುವುದಿಲ್ಲ. ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕು ಪಟ್ಟಣಗಳಲ್ಲಿಯೂ ಅನೇಕ ಮಕ್ಕಳನ್ನು ನೋಡುವವರು ಅವರೇ ಎಂಬುದನ್ನು ಗಮನಿಸಿದರೆ ಇದು ಸಣ್ಣ ಲೋಪವಲ್ಲ.

ಎಂ.ಬಿ.ಬಿ.ಎಸ್. ಶಿಕ್ಷಣದಲ್ಲಿ ಮನೋವೈದ್ಯಕೀಯವು ಪ್ರತ್ಯೇಕವಾಗಿ ಉತ್ತೀರ್ಣರಾಗಬೇಕಾದ ವಿಷಯವಲ್ಲ. ಅದರ ಪ್ರಶ್ನೆಗಳು ಸಾಮಾನ್ಯ ವೈದ್ಯಕೀಯದ ಪತ್ರಿಕೆಯೊಳಗೆ ಬರುತ್ತವೆ. ಪರೀಕ್ಷೆಯಲ್ಲಿ ಕಡಿಮೆ ಅಂಕಗಳಿರುವ ಭಾಗವನ್ನು ವಿದ್ಯಾರ್ಥಿ ಎಷ್ಟು ಓದುತ್ತಾನೆಂಬುದು ಪಾಠ ಹೇಳಿದವರಿಗೆಲ್ಲ ಗೊತ್ತಿರುವ ಸಂಗತಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ಇಂಟರ್ನ್‌ಶಿಪ್ ನಿಯಮಗಳು ಒಂದು ವರ್ಷದ ಅವಧಿಯಲ್ಲಿ ಮನೋವೈದ್ಯಕೀಯಕ್ಕೆ ಎರಡು ವಾರ, ಮಕ್ಕಳ ವಿಭಾಗಕ್ಕೆ ಮೂರು ವಾರ ನಿಗದಿಪಡಿಸಿವೆ. ಇವೆರಡೂ ಒಂದನ್ನೊಂದು ಸಂಧಿಸುವ ಕಡೆ, ಅಂದರೆ ಮಕ್ಕಳ ಮನೋವೈದ್ಯಕೀಯಕ್ಕೆ, ಪ್ರತ್ಯೇಕ ದಿನಗಳಿಲ್ಲ.

ಮಕ್ಕಳ ವಿಭಾಗದ ಮೂರು ವರ್ಷದ ಎಂ.ಡಿ. ಪಠ್ಯಕ್ರಮದಲ್ಲಿ ಬೆಳವಣಿಗೆ ಮತ್ತು ನಡವಳಿಕೆಯ ಅಧ್ಯಾಯಗಳಿವೆ. ಆದರೂ ಕಲಿಯುವವನ ದಿನಗಳು ನವಜಾತ ಶಿಶುಗಳ ಘಟಕ, ತೀವ್ರ ನಿಗಾ ಘಟಕ, ನ್ಯುಮೋನಿಯಾ, ಭೇದಿ, ಡೆಂಗಿಗಳ ನಡುವೆ ಕಳೆಯುತ್ತವೆ. ಶಿಶುಮರಣವನ್ನು ತಗ್ಗಿಸುವ ಗುರಿಯಿಂದ ರೂಪುಗೊಂಡ ಶಿಕ್ಷಣವದು. ಆ ಗುರಿ ಹಿಂದುಳಿದ ಜಿಲ್ಲೆಗಳಲ್ಲಿ ಇಂದಿಗೂ ಪ್ರಸ್ತುತವೇ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮವೂ ಈಗಿದೆ. ಅದರೊಳಗೆ ಕೆಲವು ವಾರಗಳನ್ನು ಜಿಲ್ಲಾ ಮಾನಸಿಕ ಆರೋಗ್ಯ ತಂಡದೊಡನೆ ಕಳೆಯುವಂತೆ ಮಾಡಿದರೆ ಹೊಸ ವ್ಯವಸ್ಥೆಯನ್ನು ಕಟ್ಟುವ ಅಗತ್ಯವೇ ಬೀಳದು.

ಇನ್ನೊಂದು ಮಾರ್ಗ ನೋಂದಣಿಯ ನವೀಕರಣ. ಕರ್ನಾಟಕ ವೈದ್ಯಕೀಯ ಪರಿಷತ್ತು ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ನಿರಂತರ ವೈದ್ಯಕೀಯ ಶಿಕ್ಷಣದ ಅಂಕಗಳನ್ನು ಕೇಳುತ್ತದೆ. ಯಾವ ವಿಷಯದ ಉಪನ್ಯಾಸಕ್ಕೆ ಹಾಜರಾಗಬೇಕೆಂಬುದು ವೈದ್ಯರ ಆಯ್ಕೆ. ಮಕ್ಕಳ ವೈದ್ಯರಿಗೆ ಇದರಲ್ಲಿ ಒಂದು ಪಾಲನ್ನು ಮಾನಸಿಕ ಆರೋಗ್ಯಕ್ಕೆ ಮೀಸಲಿಡುವುದು ಕಡ್ಡಾಯದ ಅತ್ಯಂತ ಹಗುರವಾದ ರೂಪವೆನ್ನಬಹುದು.

ಮಕ್ಕಳ ವೈದ್ಯರ ಮೇಲೆ ಕಾನೂನು ಈಗಾಗಲೇ ಹೊರಿಸಿರುವ ಕೆಲವು ಹೊಣೆಗಳು ಇಂತಹ ತರಬೇತಿಯನ್ನು ಊಹಿಸಿಕೊಂಡಂತಿವೆ. 2012ರ ಪೋಕ್ಸೊ ಕಾಯ್ದೆಯ 19ನೆಯ ಪ್ರಕರಣದಂತೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ತಿಳಿಸದಿರುವುದು ಶಿಕ್ಷಾರ್ಹ. ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡತೊಡಗಿದ, ಮಾತು ಬಿಟ್ಟ ಅಥವಾ ಒಬ್ಬರನ್ನು ಕಂಡರೆ ನಡುಗುವ ಮಗುವಿನ ಬಳಿ ಏನನ್ನು, ಯಾವ ಮಾತಿನಲ್ಲಿ, ಯಾರ ಎದುರಿಗೆ ಕೇಳಬೇಕೆಂಬುದನ್ನು ಕಾಯ್ದೆ ಕಲಿಸುವುದಿಲ್ಲ.

ಈಗಿರುವ ಕಾರ್ಯಕ್ರಮಗಳು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ಮಾಡುತ್ತದೆ. ಅದು ಗುರುತಿಸಬೇಕಾದ 30 ಸ್ಥಿತಿಗಳಲ್ಲಿ ಮಾತಿನ ವಿಳಂಬ, ಗ್ರಹಿಕೆಯ ವಿಳಂಬ, ಸ್ವಲೀನತೆ, ಕಲಿಕಾ ನ್ಯೂನತೆ, ಗಮನದ ಕೊರತೆ ಮತ್ತು ಅತಿಚಟುವಟಿಕೆ ಸೇರಿವೆ. ಸಂಚಾರಿ ತಂಡದಲ್ಲಿರುವವರು ಆಯುಷ್ ವೈದ್ಯರು. ಅವರು ಗುರುತಿಸಿದ ಮಗುವನ್ನು ಜಿಲ್ಲಾ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸಬೇಕು, ಅಲ್ಲಿ ಮಕ್ಕಳ ವೈದ್ಯರು ನೋಡಬೇಕು. ಹೃದಯದ ರಂಧ್ರ, ಸೀಳುತುಟಿಗಳಿಗೆ ಈ ಸರಪಳಿ ಚೆನ್ನಾಗಿ ಒದಗುತ್ತದೆ, ಏಕೆಂದರೆ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯೆಂಬ ನಿಶ್ಚಿತ ಉತ್ತರವಿದೆ. ನಡವಳಿಕೆಯ ತೊಂದರೆಗಳಲ್ಲಿ ಸರಪಳಿಯ ಮಧ್ಯದ ಕೊಂಡಿಗೆ ಕಲಿಸದಿದ್ದರೆ ಆರಂಭದಲ್ಲಿ ಗುರುತಿಸಿದ್ದೂ ವ್ಯರ್ಥ.

2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಹದಿಹರೆಯದವರ ಮಾನಸಿಕ ಆರೋಗ್ಯವನ್ನು ತನ್ನ ಆರು ಅಂಶಗಳಲ್ಲಿ ಒಂದಾಗಿ ಸ್ವೀಕರಿಸಿದೆ. ಅದರ ಚಿಕಿತ್ಸಾಲಯಗಳಿಗೆ ಕರ್ನಾಟಕದಲ್ಲಿ 'ಸ್ನೇಹ ಕ್ಲಿನಿಕ್' ಎಂದು ಹೆಸರು. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಉಚಿತ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು. ಪ್ರಾಥಮಿಕ ಹಂತದ ವೈದ್ಯರಿಗೆ ನಿಮ್ಹಾನ್ಸ್ ದೂರಸಂಪರ್ಕದ ಮೂಲಕ ಕಲಿಸುತ್ತಿದೆ. ಇದರಲ್ಲಿ ವೈದ್ಯನು ತನ್ನ ಊರಿನಲ್ಲಿಯೇ ಕುಳಿತು, ತನ್ನ ರೋಗಿಗಳ ವಿಷಯದಲ್ಲಿಯೇ ತಜ್ಞರಿಂದ ಪಾಠ ಕೇಳುತ್ತಾನೆ. ಯಾದಗಿರಿಯಂತಹ ಕಡೆ ವೈದ್ಯರನ್ನು ವಾರಗಟ್ಟಲೆ ಬೆಂಗಳೂರಿಗೆ ಕಳುಹಿಸಿದರೆ ಇಲ್ಲಿಯ ಹೊರರೋಗಿ ವಿಭಾಗ ಖಾಲಿಯಾಗುತ್ತದೆ. ಈ ದೃಷ್ಟಿಯಿಂದ ಇದು ಹೆಚ್ಚು ಉಪಯುಕ್ತ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ಮಕ್ಕಳ ವೈದ್ಯರ ಸ್ನಾತಕೋತ್ತರ ತರಬೇತಿಯಲ್ಲಿ ಬೆಳವಣಿಗೆ ಮತ್ತು ನಡವಳಿಕೆಯ ವಿಷಯಕ್ಕೆ ಒಂದು ತಿಂಗಳು 1997ರಿಂದ ಕಡ್ಡಾಯವಾಗಿದೆ. ಅದು ಸಾಲದೆಂಬ ಮಾತು ಬೆಳೆಯುತ್ತ ಬಂದು, 2021ರ ಅಕ್ಟೋಬರಿನಲ್ಲಿ ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ಇತರ ಎರಡು ಸಂಘಗಳೊಡನೆ ಸೇರಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ರಾಷ್ಟ್ರೀಯ ತುರ್ತುಸ್ಥಿತಿ ಉಂಟಾಗಿದೆಯೆಂದು ಘೋಷಿಸಿತು. 2025ರ ಜುಲೈನಿಂದ ಜಾರಿಗೆ ಬಂದ ತರಬೇತಿ ನಿಯಮಗಳು ಮಾನಸಿಕ ಆರೋಗ್ಯಕ್ಕೆ ಹೆಚ್ಚಿನ ಸ್ಥಾನ ನೀಡಿವೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2004ರಿಂದ ಮಕ್ಕಳ ವೈದ್ಯರು ದೂರವಾಣಿಯಲ್ಲಿ ಮಕ್ಕಳ ಮನೋವೈದ್ಯರ ಸಲಹೆ ಪಡೆಯುವ ವ್ಯವಸ್ಥೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯು ತಜ್ಞರಲ್ಲದವರಿಗಾಗಿ 2010ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಮಕ್ಕಳ ತೊಂದರೆಗಳನ್ನೂ ಒಳಗೊಂಡಿದೆ.

ತರಬೇತಿಯಲ್ಲಿ ಇರಬೇಕಾದುದು

ಕೌಶಲಗಳಲ್ಲಿ ಮೊದಲನೆಯದು ಸಂದರ್ಶನ. ಹದಿಹರೆಯದವರನ್ನು ಸ್ವಲ್ಪ ಹೊತ್ತು ಪೋಷಕರಿಂದ ಪ್ರತ್ಯೇಕವಾಗಿ ಮಾತನಾಡಿಸುವುದು, ಮನೆ, ಶಾಲೆ, ಊಟ, ಗೆಳೆಯರು, ವ್ಯಸನ, ಮನಸ್ಸಿನ ಸ್ಥಿತಿ, ಸುರಕ್ಷತೆ ಎಂಬ ಕ್ರಮದಲ್ಲಿ ಕೇಳುತ್ತ ಹೋಗುವುದು ಜಗತ್ತಿನಾದ್ಯಂತ ಕಲಿಸಲಾಗುವ ವಿಧಾನ. ಸಾಯಬೇಕೆನಿಸುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ಅಂಜಿಕೆ ವೈದ್ಯರಲ್ಲಿಯೂ ಇದೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. ನೇರವಾಗಿ, ಮೃದುವಾಗಿ ಕೇಳುವುದರಿಂದ ಮಗುವಿಗೆ ನೆಮ್ಮದಿಯೇ ಆಗುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಪ್ರದೇಶದಲ್ಲಿ ಕೀಟನಾಶಕಗಳು ಮನೆಯೊಳಗೇ ಇರುವುದರಿಂದ ಅವನ್ನು ಬೀಗ ಹಾಕಿ ಇಡುವಂತೆ ಮನೆಯವರಿಗೆ ಹೇಳುವುದು ವೈದ್ಯನು ಮಾಡಬಹುದಾದ, ಖರ್ಚಿಲ್ಲದ, ಪರಿಣಾಮಕಾರಿಯಾದ ರಕ್ಷಣೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮರಣಹೊಂದಿದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ ದಾಖಲಿಸಿದೆ.

ಭಾಷೆಯ ವಿಷಯವನ್ನು ಪಠ್ಯಕ್ರಮಗಳು ಸಾಮಾನ್ಯವಾಗಿ ಮರೆಯುತ್ತವೆ. ಈ ಭಾಗದಲ್ಲಿ 'ಖಿನ್ನತೆ' ಎಂಬ ಶಬ್ದವನ್ನು ಹಳ್ಳಿಯ ಯಾರೂ ಬಳಸುವುದಿಲ್ಲ. 'ಬ್ಯಾಸರ', 'ಅಂಜಿಕಿ', 'ತಲಿ ನೋವು', 'ಹೊಟ್ಟಿ ನೋವು' ಎನ್ನುತ್ತಾರೆ. ಮಗು ಎಲ್ಲೋ ಅಂಜಿಕೊಂಡಿದೆ, ಅದರಿಂದಲೇ ಜ್ವರ ಬಂದಿದೆ ಎಂಬ ವಿವರಣೆ ಸಾಮಾನ್ಯ. ಪಟ್ಟಣಗಳಲ್ಲಿ ದಖ್ಖನಿ ಉರ್ದು, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತನಾಡುವ ಮಕ್ಕಳಿದ್ದಾರೆ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಗ್ರಾಂಥಿಕ ಕನ್ನಡಕ್ಕೆ ಅನುವಾದಿಸಿ ಓದಿದರೆ ಉತ್ತರ ದೊರೆಯುವುದಿಲ್ಲ. ತಾಯತ ಕಟ್ಟಿಸಿಕೊಂಡು, ದರ್ಗಾ ಅಥವಾ ಗುಡಿಗೆ ಹೋಗಿ ಬಂದ ಕುಟುಂಬವನ್ನು ಗದರಿಸಿದರೆ ಅವರು ಮತ್ತೆ ಬರುವುದಿಲ್ಲ. ತಾಯತ ಕೈಯಲ್ಲಿರಲಿ, ಮಾತ್ರೆಯನ್ನೂ ತಪ್ಪಿಸಬೇಡಿ ಎನ್ನುವ ವೈದ್ಯನ ಬಳಿಗೆ ಬರುತ್ತಾರೆ.

ಔಷಧಿಯ ಪಾಠ ಚಿಕ್ಕದಾದರೂ ಎಚ್ಚರಿಕೆಯದು. ಮಕ್ಕಳ ಹೆಚ್ಚಿನ ತೊಂದರೆಗಳಿಗೆ ಪೋಷಕರ ಮಾರ್ಗದರ್ಶನ, ದಿನಚರಿಯ ಬದಲಾವಣೆ, ಶಾಲೆಯ ಸಹಕಾರಗಳೇ ಮೊದಲ ಚಿಕಿತ್ಸೆ. ಖಿನ್ನತೆ ನಿವಾರಕಗಳನ್ನು ಆರಂಭಿಸಿದಾಗ ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ನೀಡಿದ್ದರಿಂದ ಮೊದಲ ವಾರಗಳಲ್ಲಿ ಮಗುವನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ಅತಿಚಟುವಟಿಕೆಗೆ ಬಳಸುವ ಮೀಥೈಲ್‌ಫೆನಿಡೇಟ್ ಕಾನೂನಿನ ನಿಯಂತ್ರಣಕ್ಕೊಳಪಟ್ಟ ಔಷಧಿ. ಬರೆದುಕೊಟ್ಟ ಮಾತ್ರಕ್ಕೆ ತಾಲ್ಲೂಕು ಪಟ್ಟಣದ ಅಂಗಡಿಯಲ್ಲಿ ಸಿಗುತ್ತದೆನ್ನುವಂತಿಲ್ಲ.

ಆಕ್ಷೇಪಗಳು

ಕಡ್ಡಾಯವನ್ನು ವಿರೋಧಿಸುವವರ ವಾದಗಳಲ್ಲಿ ಪ್ರಬಲವಾದುದು ಸಮಯದ್ದು. ಬೆಳಗಿನ ಹೊರರೋಗಿ ವಿಭಾಗದಲ್ಲಿ ಸಾಲುಗಟ್ಟಿ ನಿಂತ ತಾಯಂದಿರ ನಡುವೆ ಒಂದು ಮಗುವಿನೊಡನೆ ಇಪ್ಪತ್ತು ನಿಮಿಷ ಮಾತನಾಡುವುದು ಹೇಗೆಂಬ ಪ್ರಶ್ನೆ ನ್ಯಾಯವಾದದ್ದು. ವಾರದಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೇ ಮೀಸಲಿಟ್ಟು, ಬೆಳಗ್ಗೆ ಗುರುತಿಸಿದ ಮಕ್ಕಳನ್ನು ಅಂದು ಬರಹೇಳುವುದು ಕೆಲವು ಕಡೆ ಅನುಸರಿಸುವ ಕ್ರಮ. ಅಲ್ಪ ತರಬೇತಿಯಿಂದ ತಪ್ಪು ಹೆಸರು ಹಚ್ಚುವುದು, ತುಂಟ ಮಗುವಿಗೂ ಮಾತ್ರೆ ಬರೆಯುವುದು ಹೆಚ್ಚೀತೆಂಬ ಭಯವೂ ಇದೆ. ಅದಕ್ಕೆ ಉತ್ತರ ತರಬೇತಿಯ ನಿರಾಕರಣೆಯಲ್ಲ, ಯಾವಾಗ ಔಷಧಿ ಕೊಡಬಾರದೆಂಬುದನ್ನೂ ಕಲಿಸುವ ತರಬೇತಿ.

ಇವೆರಡಕ್ಕಿಂತ ಗಂಭೀರವಾದುದು ಅನುಭವದಿಂದ ಹುಟ್ಟಿದ ಸಂದೇಹ. ಒಮ್ಮೆ ನೀಡಿದ ತರಬೇತಿ ಬೆಂಬಲವಿಲ್ಲದೆ ಸವೆದುಹೋಗುತ್ತದೆ. ತರಬೇತಿ ಪಡೆದ ವೈದ್ಯಾಧಿಕಾರಿಗೆ ವರ್ಗಾವಣೆಯಾಗುತ್ತದೆ, ಔಷಧಿಯ ಸರಬರಾಜು ನಿಲ್ಲುತ್ತದೆ, ಹಾಜರಿ ಪುಸ್ತಕದಲ್ಲಿ ಸಹಿ ಉಳಿಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ದೇಶದ ಅನೇಕ ಕಡೆ ಕೇಳಿಬಂದ ದೂರುಗಳು ಇವೇ. ಆದ್ದರಿಂದ ಕಡ್ಡಾಯವೆಂಬುದು ವೈದ್ಯನ ಮೇಲಿನ ಷರತ್ತು ಮಾತ್ರವಾಗಿರದೆ, ಅವನಿಗೆ ಪ್ರಶ್ನೆ ಬಂದಾಗ ಉತ್ತರಿಸುವ ತಜ್ಞ, ಕಳುಹಿಸಿದ ಮಗುವನ್ನು ಸ್ವೀಕರಿಸುವ ಜಿಲ್ಲಾ ಕೇಂದ್ರ, ಅಗತ್ಯ ಔಷಧಿ ಇವುಗಳನ್ನು ಒದಗಿಸಬೇಕಾದ ಸರ್ಕಾರದ ಮೇಲಿನ ಷರತ್ತೂ ಆಗಿರಬೇಕೆಂದು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ವಾದಿಸುತ್ತಾರೆ. 2017ರ ಕಾಯ್ದೆಯ 31ನೆಯ ಪ್ರಕರಣವೇ ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಟ್ಟಕ್ಕೆ ತರಲು ಸರ್ಕಾರಗಳಿಗೆ ಹತ್ತು ವರ್ಷದ ಕಾಲಾವಕಾಶ ನೀಡಿದೆ. ಆ ಅವಧಿ 2028ಕ್ಕೆ ಮುಗಿಯುತ್ತದೆ.